ಅವ್ವನ ನಗುವಿನ ಫೋಟೋ

ನಮ್ಮ ಮನೆಯ ಪಡಸಾಲೆಯಲ್ಲಿ ಅವ್ವನ ಫೋಟೋ ಇದೆ. ಯಾರದೋ ಮದುವೆಯ ಗುಂಪುಚಿತ್ರದಿಂದ ಅವಳ ಮುಖವನ್ನಷ್ಟೇ ತೆಗೆದು, ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿದ್ದು. ಮಸುಕಾಗಿದ್ದ ಕಣ್ಣುಗಳಿಗೆ ಸ್ಟುಡಿಯೋದವರು ಕರಿ ಬಣ್ಣ ತೀಡಿದ್ದರು. ಆರನೇ ಕ್ಲಾಸಿನ ಮೊಮ್ಮಗಳು ಒಂದು ದಿನ ಕೇಳಿದಳು: “ಅಜ್ಜ, ಮುತ್ತಜ್ಜಿ ಯಾವಾಗ್ಲೂ ಸಿಟ್ಟು ಮಾಡ್ಕೊಂಡೇ ಇರ್ತಿದ್ರಾ?”

ಅವ್ವನಿಗೆ ಸಿಟ್ಟೇ? ಮಂಡಕ್ಕಿ ಕಲಸುವಾಗಲೂ ನಗುತ್ತಿದ್ದವಳು ಅವಳು. ಆದರೆ ಆ ನಗುವಿಗೆ ನನ್ನ ಬಳಿ ಪುರಾವೆ ಇರಲಿಲ್ಲ. ವೋಚರ್ ಇಲ್ಲದೆ ಒಂದು ಪೈಸೆ ಬರೆಯದ ಬ್ಯಾಂಕ್ ಗುಮಾಸ್ತನಿಗೆ ಆ ಮಾತು ಚುಚ್ಚಿತು. ಹರಿಹರದಲ್ಲಿರುವ ಅಕ್ಕನಿಗೆ ಈಗ 82 ವರ್ಷ. ಅವಳದಾದರೂ ಒಂದು ಒಳ್ಳೆಯ ಫೋಟೋ ಇರಲಿ, ಅದನ್ನು ನಾನೇ ತೆಗೆಯುತ್ತೇನೆ ಎಂದು ಹೊರಟೆ.

ಮಗ ಬಿಟ್ಟುಹೋದ ಹಳೆಯ ಕ್ಯಾಮೆರಾ ಮತ್ತು ಒಂದು ಫ್ಲ್ಯಾಶ್ ಕಪಾಟಿನಲ್ಲಿದ್ದವು. ದಾವಣಗೆರೆಯ ನಮ್ಮ ಮನೆಯ ಹತ್ತಡಿ ಹನ್ನೆರಡಡಿ ಕೋಣೆಯೇ ಸ್ಟುಡಿಯೋ ಆಯಿತು. ಮೊಮ್ಮಗಳನ್ನು ಗೋಡೆಗೆ ಒರಗಿಸಿ ಕೂರಿಸಿ, ನೇರವಾಗಿ ಮುಖಕ್ಕೇ ಫ್ಲ್ಯಾಶ್ ಹೊಡೆದೆ. ಮುಖಕ್ಕೆ ಸುಣ್ಣ ಬಳಿದ ಹಾಗೆ ಬಂತು, ಹಿಂದಿನ ಗೋಡೆಯ ಮೇಲೆ ಕಪ್ಪು ನೆರಳು. “ಆಧಾರ್ ಕಾರ್ಡಿಗೆ ಆಗುತ್ತೆ ಬಿಡಜ್ಜ” ಎಂದು ಅವಳು ಎದ್ದುಹೋದಳು. ಉಳಿದದ್ದು ಅಡುಗೆಮನೆಯ ಕುಂಬಳಕಾಯಿ. ಅದಕ್ಕೆ ನನ್ನ ಕನ್ನಡಕ ಏರಿಸಿ ಹದಿನೈದು ದಿನ ಅಭ್ಯಾಸ ಮಾಡಿದೆ.

ಮಕ್ಕಳೇ, ಆ ಕುಂಬಳಕಾಯಿ ಕಲಿಸಿದ್ದನ್ನು ಹೇಳುತ್ತೇನೆ. ಉರಿಬಿಸಿಲಿನಲ್ಲಿ ನಿಮ್ಮ ನೆರಳು ಗೆರೆ ಕೊರೆದಂತೆ ಬೀಳುತ್ತದೆ. ಮೋಡ ಕವಿದ ದಿನ ನೆರಳೇ ಕಾಣುವುದಿಲ್ಲ. ಮೋಡದ ದಿನ ಇಡೀ ಆಕಾಶವೇ ದೀಪವಾಗಿರುತ್ತದೆ. ದೀಪ ದೊಡ್ಡದಾದಷ್ಟೂ ನೆರಳು ಮೆತ್ತಗಾಗುತ್ತದೆ. ಫ್ಲ್ಯಾಶಿನ ಮುಖವೋ ಬೆಂಕಿಪೊಟ್ಟಣದಷ್ಟು. ಅದನ್ನು ಪಕ್ಕದ ಗೋಡೆಗೆ ತಿರುಗಿಸಿ ಹೊಡೆದರೆ ಗೋಡೆಯೇ ದೊಡ್ಡ ದೀಪವಾಗುತ್ತದೆ. ನಮ್ಮ ಗೋಡೆಗೆ ಹಸಿರು ಬಣ್ಣವಿದ್ದುದರಿಂದ ಕುಂಬಳಕಾಯಿಗೂ ಹಸಿರು ಬಡಿಯಿತು. ಗೋಡೆಗೆ ನನ್ನ ಬಿಳಿ ಪಂಚೆ ಇಳಿಬಿಟ್ಟೆ, ಸರಿಹೋಯಿತು.

ಬೆಳಕನ್ನು ತಿರುಗಿಸುವ ಈ ವಿದ್ಯೆ ದೊಡ್ಡವರದೂ ಹೌದು. ಮೈಸೂರಿನಲ್ಲಿ ಹುಟ್ಟಿದ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ ಚಿತ್ರಕ್ಕೆ ಹೊರಗಿನ ಬಿಸಿಲನ್ನು ದೊಡ್ಡ ಕನ್ನಡಿಗಳಿಂದ ಸ್ಟುಡಿಯೋದೊಳಗೆ ತಿರುಗಿಸಿದ್ದರು. ಆ ಬೆಳಕಿನ ಕಂಬವನ್ನು ಜನ ಇವತ್ತಿಗೂ ನೆನೆಯುತ್ತಾರೆ.

ಇನ್ನೊಂದು ಪಾಠ ಲೆಕ್ಕದ್ದು. ಫ್ಲ್ಯಾಶಿನಿಂದ ದೂರ ಎರಡು ಪಟ್ಟಾದರೆ ಬೆಳಕು ಅರ್ಧವಾಗುವುದಿಲ್ಲ, ಕಾಲು ಭಾಗವಾಗುತ್ತದೆ. ಮೂರು ಪಟ್ಟಾದರೆ ಒಂಬತ್ತರಲ್ಲಿ ಒಂದು ಭಾಗ. ಆದ್ದರಿಂದ ಕೂರುವವರನ್ನು ಹಿಂದಿನ ಗೋಡೆಯಿಂದ ನಾಲ್ಕಡಿ ಮುಂದಕ್ಕೆ ತಂದು, ಬೆಳಕನ್ನು ಅವರ ಹತ್ತಿರವಿಟ್ಟರೆ ಹಿಂದಿನ ಗೋಡೆ ತಾನಾಗಿ ಮಬ್ಬಾಗುತ್ತದೆ. ಕನ್ನಡಕದ ಹೊಳಪಿಗೆ ಕೇರಂ ನೆನೆಸಿಕೊಳ್ಳಿ. ಸ್ಟ್ರೈಕರ್ ಅಂಚಿಗೆ ಯಾವ ಓರೆಯಲ್ಲಿ ಬಡಿಯುತ್ತದೋ ಅದೇ ಓರೆಯಲ್ಲಿ ಆಚೆ ಹೋಗುತ್ತದೆ. ಬೆಳಕೂ ಹಾಗೆಯೇ. ಪಕ್ಕದಿಂದ, ಸ್ವಲ್ಪ ಮೇಲಿಂದ ಬಂದರೆ ಹೊಳಪು ಕ್ಯಾಮೆರಾಕ್ಕೆ ಬರದೆ ಬೇರೆ ಕಡೆ ಹೋಗುತ್ತದೆ.

ಸಣ್ಣ ಕೋಣೆಯಲ್ಲಿ ಬೆಳಕು ನಾಲ್ಕೂ ಗೋಡೆಗೆ ಬಡಿದು ನೆರಳನ್ನೆಲ್ಲ ಅಳಿಸಿಬಿಡುತ್ತದೆ. ಆಗ ಮುಖ ತಟ್ಟೆಯಂತೆ ಚಪ್ಪಟೆಯಾಗುತ್ತದೆ. ಅದಕ್ಕೆ ಮದ್ದು ನಮ್ಮ ಸೀಮೆಯ ಕರಿ ಕಂಬಳಿ. ಬೆಳಕಿನ ಎದುರು ಬದಿಗೆ ಕಂಬಳಿ ಹಿಡಿದರೆ ಅದು ಬೆಳಕನ್ನು ನುಂಗಿಕೊಂಡು ಆ ಕೆನ್ನೆಯ ನೆರಳನ್ನು ಉಳಿಸುತ್ತದೆ.

ಪಂಚೆ, ಕಂಬಳಿ, ಮೊಮ್ಮಗಳ ಸಮೇತ ಹರಿಹರದ ಬಸ್ಸು ಹತ್ತಿದೆ.

ಅಕ್ಕ ಕ್ಯಾಮೆರಾ ನೋಡಿದವಳೇ ಕೇಳಿದಳು: “ಯಾಕೋ ತಮ್ಮ, ಹಾರ ಹಾಕೋ ಫೋಟೋನಾ? ಅಷ್ಟು ಅವಸರ ಏನೋ ನಿಂಗೆ?”

ನನ್ನ ಬಾಯಿ ಕಟ್ಟಿಹೋಯಿತು. ಸುಳ್ಳು ಹೇಳಲಾಗಲಿಲ್ಲ. ಅವ್ವನ ಫೋಟೋದ ವಿಷಯ, ಮೊಮ್ಮಗಳ ಪ್ರಶ್ನೆ ಎಲ್ಲವನ್ನೂ ಹೇಳಿದೆ. ಅಕ್ಕ ಸುಮ್ಮನಾದಳು. ಆಮೇಲೆ ಮಾತಿಲ್ಲದೆ ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದು ಕಿಟಕಿಯ ಬಳಿ ಕುಳಿತಳು. ಗೋಡೆಗೆ ಪಂಚೆ ಕಟ್ಟಿದೆ, ಮೊಮ್ಮಗಳು ಕಂಬಳಿ ಹಿಡಿದಳು. ಒಂದು, ಎರಡು, ಹತ್ತು ಸಲ ಬೆಳಕು ಮಿಂಚಿತು. ಎಲ್ಲದರಲ್ಲೂ ಅಕ್ಕ ಬಿಗಿದುಕೊಂಡೇ ಇದ್ದಳು.

ಕೊನೆಗೆ ಅವಳೇ ಹೇಳಿದಳು: “ಅವ್ವ ಹೆಂಗೆ ನಗ್ತಿದ್ಲು, ನೆನಪೈತೇನೋ? ಮುಂದಿನ ಹಲ್ಲು ಬಿದ್ದಿದ್ದು ಕಾಣಬಾರ್ದು ಅಂತ ಸೆರಗು ಅಡ್ಡ ಹಿಡೀತಿದ್ಲು.” ಹೀಗೆ ಹೇಳುತ್ತ ತಾನೂ ಸೆರಗಿನ ತುದಿಯನ್ನು ಬಾಯಿಗೆ ತಂದು ನಕ್ಕಳು. ನನ್ನ ಬೆರಳು ಒತ್ತಿತು.

ಪರದೆಯಲ್ಲಿ ನೋಡಿ ಅಕ್ಕ ತಕರಾರು ತೆಗೆದಳು: “ಅರ್ಧ ಮುಖ ಕತ್ತಲಾಗೈತಲ್ಲೋ!”

“ನಿಮ್ಮೂರ ದೇವ್ರನ್ನ ನೆನೆಸ್ಕೊ ಅಕ್ಕ” ಎಂದೆ. ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ಗುಡಿಯಲ್ಲಿ ಬಲಕ್ಕೆ ಹರ, ಎಡಕ್ಕೆ ಹರಿ. ಎರಡು ಅರ್ಧ ಸೇರಿಯೇ ಒಬ್ಬ ದೇವರು. ಬೆಳಕು ನೆರಳು ಸೇರಿದರೇ ಮುಖ. ಅಕ್ಕ ಒಂದು ಗಳಿಗೆ ನೋಡಿ, “ಹಂಗಾದ್ರೆ ಇರ್ಲಿ” ಎಂದಳು.

ಈಗ ಆ ಫೋಟೋ ಅವಳ ಮನೆಯ ಟಿ.ವಿ. ಮೇಲೆ ತೂಗುತ್ತಿದೆ. ಬಂದವರಿಗೆಲ್ಲ ತೋರಿಸುತ್ತಾಳೆ. “ಹಾರ ಬ್ಯಾಡ, ಧೂಳು ಒರೆಸಿದ್ರೆ ಸಾಕು” ಎಂದು ಸೊಸೆಗೆ ಹೇಳಿದ್ದಾಳಂತೆ. ನಮ್ಮ ಮನೆಗೂ ಒಂದು ಪ್ರತಿ ಮಾಡಿಸಿ ಅವ್ವನ ಫೋಟೋದ ಪಕ್ಕ ಹಾಕಿದೆ. ಮೊಮ್ಮಗಳು ಎರಡನ್ನೂ ಬಹಳ ಹೊತ್ತು ನೋಡಿದಳು.

“ಮುತ್ತಜ್ಜಿ ಹಿಂಗೇ ನಗ್ತಿದ್ರಾ ಅಜ್ಜ?”

“ಹೂಂ, ಹಿಂಗೇ” ಎಂದೆ.