ಮಾಲ್ಗುಡಿಯ ಉತ್ತರಭಾಗ

ಪ್ರಖ್ಯಾತವಾದ ಕೃತಿಯೊಂದರ ಉತ್ತರಭಾಗವನ್ನು ರಚಿಸಹೊರಟವನ ಪಾಡು, ಎರಡನೆಯ ಸಂಬಂಧವಾಗಿ ಮನೆಗೆ ಬಂದ ಸೊಸೆಯ ಪಾಡಿಗಿಂತ ಸುಖಕರವಾದುದೇನೂ ಅಲ್ಲ. ಅವಳು ಮಾಡಿದ ಸಾರಿನಲ್ಲಿ ಉಪ್ಪು ಹುಳಿಗಳು ಹದವಾಗಿಯೇ ಇದ್ದರೂ, ಮೊದಲನೆಯವಳ ಕೈರುಚಿಯನ್ನು ನೆನೆದು ನಿಟ್ಟುಸಿರು ಬಿಡುವವರು ಪಂಕ್ತಿಯಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಸಾರು ಕೆಟ್ಟಿದ್ದರೆ ಅದು ಅವಳ ಅಪರಾಧ. ಚೆನ್ನಾಗಿದ್ದರೆ ಅದು ಆ ಮನೆಯ ಒಲೆಯ ಗುಣ.

ಇದು ಇಂದು ನಿನ್ನೆಯ ಸಂಗತಿಯಲ್ಲ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಶ್ರಯದಲ್ಲಿದ್ದ ಬಾಣಭಟ್ಟನು ಕಾದಂಬರಿಯನ್ನು ಮುಗಿಸದೆಯೇ ಕಾಲವಶನಾದನು. ಅವನ ಮಗನಾದ ಭೂಷಣಭಟ್ಟನು ಅದನ್ನು ಪೂರೈಸಿದನು. ಕವಿತ್ವದ ದರ್ಪದಿಂದಲ್ಲ, ಕಥೆಯು ಅರ್ಧದಲ್ಲಿಯೇ ನಿಂತಿತೆಂದು ಸಜ್ಜನರು ಪಡುತ್ತಿದ್ದ ದುಃಖವನ್ನು ಕಂಡು ಈ ಕಾರ್ಯಕ್ಕೆ ಕೈಯಿಟ್ಟುದಾಗಿ ಅವನು ಮೊದಲಿಗೇ ಅರಿಕೆಮಾಡಿಕೊಂಡಿದ್ದಾನೆ. ಕನ್ನಡನಾಡಿನಲ್ಲಿ ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳಿಗೆ ನಿಲ್ಲಿಸಲು, ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣಕವಿಯು ಉಳಿದ ಪರ್ವಗಳನ್ನು ಬರೆದು ಮುಗಿಸಿದನು. ಆದರೆ ಗಮಕಿಯು ಊರಿಗೆ ಬಂದಾಗ ಜನರು ಅಪೇಕ್ಷಿಸುವುದು ಕುಮಾರವ್ಯಾಸನನ್ನು; ತಿಮ್ಮಣ್ಣನನ್ನು ಓದಿರೆಂದು ಕೇಳುವವರು ವಿರಳ. ಉತ್ತರಭಾಗದ ಕರ್ತೃವಿಗೆ ಪುಣ್ಯವು ಲಭಿಸಬಹುದು. ಶ್ರೋತೃಗಳು ಮಾತ್ರ ಸುಲಭವಾಗಿ ಲಭಿಸರು.

ಈ ಪುರಾತನ ವ್ಯಾಜ್ಯವು ದೂರದರ್ಶನದ ಕಾಲದಲ್ಲಿಯೂ ತಪ್ಪಲಿಲ್ಲವೆಂಬುದಕ್ಕೆ 'ಮಾಲ್ಗುಡಿ ಡೇಸ್' ಎಂಬ ಧಾರಾವಾಹಿಯೇ ಸಾಕ್ಷಿ. ಆರ್. ಕೆ. ನಾರಾಯಣರು 1935ರಲ್ಲಿ ಪ್ರಕಟವಾದ ತಮ್ಮ ಮೊದಲನೆಯ ಕಾದಂಬರಿಯಲ್ಲಿ ಸೃಷ್ಟಿಸಿದ ಮಾಲ್ಗುಡಿಯು ಭೂಪಟದಲ್ಲಿಲ್ಲದ ಊರು. ಶಂಕರನಾಗರು ಅದನ್ನು ಮಲೆನಾಡಿನ ಆಗುಂಬೆಯಲ್ಲಿ ನೆಲೆಗೊಳಿಸಿದರು. ನಾರಾಯಣರ ತಮ್ಮಂದಿರಾದ ಆರ್. ಕೆ. ಲಕ್ಷ್ಮಣರು ಚಿತ್ರಗಳನ್ನು ಬರೆದುಕೊಟ್ಟರು, ಎಲ್. ವೈದ್ಯನಾಥನ್ ಅವರು ರಾಗ ಹೊಂದಿಸಿದರು. ಬಾಲಕ ಮಂಜುನಾಥನು ಸ್ವಾಮಿಯಾದನು. ಗಿರೀಶ ಕಾರ್ನಾಡರು ಅವನ ತಂದೆಯಾದರು. 1986ರಲ್ಲಿ ಮೊದಲ್ಗೊಂಡು ಶಂಕರನಾಗರ ನಿರ್ದೇಶನದಲ್ಲಿ 39 ಕಂತುಗಳು ಬಂದವು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ನಡೆದ ಅಪಘಾತದಲ್ಲಿ ಅವರು ತೀರಿಕೊಂಡರು. ಬಹುಕಾಲದ ತರುವಾಯ ಕವಿತಾ ಲಂಕೇಶರು ಅದೇ ಮಾಲ್ಗುಡಿಯನ್ನು ಕೈಗೆತ್ತಿಕೊಂಡು ಮತ್ತೆ 15 ಕಂತುಗಳನ್ನು ನಿರ್ದೇಶಿಸಿದರು; ಅವು 2006ರಲ್ಲಿ ದೂರದರ್ಶನದಲ್ಲಿಯೇ ಪ್ರಸಾರವಾದವು. ತಂದೆಯ ಕಥೆಯನ್ನು ಮಗನು ಮುಗಿಸಿದಂತೆ ಇದೂ ಒಂದು ಉತ್ತರಭಾಗವೇ ಸರಿ.

ಈ ಉತ್ತರಭಾಗವು ದೊಡ್ಡಬಳ್ಳಾಪುರ ತಾಲ್ಲೂಕಿನ ಸಾಸಲಿನ ಜಗಲಿಗಳಲ್ಲಿಯೂ ವಿಚಾರಣೆಗೆ ಗುರಿಯಾಯಿತು. ಅಲ್ಲಿನ ವಾದಗಳನ್ನು ಕೇಳಿದವರಿಗೆ, ರಸಿಕರ ಅಭಿಪ್ರಾಯವು ಹೇಗೆ ಹುಟ್ಟುತ್ತದೆಂಬುದು ಸ್ವಲ್ಪಮಟ್ಟಿಗೆ ವಿಶದವಾಗುತ್ತದೆ. ಹಿಟ್ಟಿನ ಗಿರಣಿಯ ಯಜಮಾನರ ವಾದವು ಅತ್ಯಂತ ಸಂಕ್ಷಿಪ್ತವಾದುದು: "ಮೊದಲಿನ ಹಾಗಿಲ್ಲ." ಎಷ್ಟು ಕಂತುಗಳನ್ನು ನೋಡಿದಿರೆಂದು ಕೇಳಿದರೆ, "ನೋಡೋದೇನು ಬಂತು, ಗೊತ್ತಾಗಲ್ವೆ?" ಎನ್ನುವರು. ಇವರನ್ನು ಅಪಹಾಸ್ಯಮಾಡುವುದು ಸುಲಭ. ಆದರೆ 2006ರ ವೇಳೆಗೆ ಊರಿನ ಮನೆಗಳಿಗೆ ಕೇಬಲ್ ತಂತಿಗಳು ಬಂದಿದ್ದವು. ಕನ್ನಡದ ಹಲವು ವಾಹಿನಿಗಳು ಸಂಜೆಯನ್ನು ಹಂಚಿಕೊಂಡಿದ್ದವು. ದೂರದರ್ಶನವೊಂದೇ ಗತಿಯಾಗಿದ್ದಾಗ ಇಡೀ ಕೇರಿಯೇ ಕುಳಿತು ನೋಡಿದುದನ್ನು, ಈಗ ಹುಡುಕಿಕೊಂಡು ಹೋಗಿ ಒಬ್ಬರೇ ನೋಡಬೇಕಾಗಿತ್ತು. ಕೃತಿಯು ಬದಲಾಗುವುದಕ್ಕೆ ಮೊದಲೇ ಸಭೆಯು ಬದಲಾಗಿತ್ತು.

ಪ್ರಾಥಮಿಕ ಶಾಲೆಯ ಉಪಾಧ್ಯಾಯಿನಿಯೊಬ್ಬರು ಹೊಸ ಕಂತುಗಳ ಪಕ್ಷವನ್ನು ವಹಿಸುತ್ತಿದ್ದರು. "ಹೋದೋರನ್ನ ಯಾರೂ ವಾಪಸ್ಸು ತರೋಕಾಗಲ್ಲ. ಈಯಮ್ಮ ತನಗೆ ಕಂಡ ಹಾಗೆ ಮಾಡಿದಾರೆ. ಅವರ ಹಾಗೇ ಮಾಡಿದ್ರೆ ನಕಲು ಅಂತಿದ್ರಿ, ಬೇರೆ ಥರ ಮಾಡಿದ್ರೆ ಕೆಡಿಸಿದರು ಅಂತೀರಿ" ಎಂಬುದು ಅವರ ವಾದ. ಇದಕ್ಕೆ ಯಾರೂ ಸಮರ್ಪಕವಾದ ಉತ್ತರವನ್ನು ಕೊಟ್ಟಂತಿಲ್ಲ. ಮೂಲೆಯಲ್ಲಿ ಎಲೆಯಡಕೆ ಹಾಕಿಕೊಳ್ಳುತ್ತಿದ್ದ ವೃದ್ಧೆಯೊಬ್ಬರು, "ಸತ್ತ ಎಮ್ಮೆಗೆ ಹಾಲು ಜಾಸ್ತಿ ಕಣಮ್ಮ" ಎಂದು ಒಂದೇ ಮಾತಿನಲ್ಲಿ ವ್ಯಾಜ್ಯವನ್ನು ತೀರಿಸಲು ನೋಡಿದರು.

ಆದರೆ ವೃದ್ಧೆಯ ಮಾತೇ ಕೊನೆಯದೆಂದು ಒಪ್ಪಿದರೆ ಮೊದಲಿನ 39 ಕಂತುಗಳಿಗೆ ಅನ್ಯಾಯವಾದೀತು. ಹಾಸ್ಯವು ಆರು ವಿಧವೆಂದು ಭರತಮುನಿಯು ಎಣಿಸಿದ್ದಾನೆ. ಹಲ್ಲು ತೋರದ ಸ್ಮಿತದಿಂದ ಹಿಡಿದು ಕಣ್ಣೀರು ಸುರಿಯುವ ಅತಿಹಸಿತದವರೆಗೆ. ಮಾಲ್ಗುಡಿಯ ಹಾಸ್ಯವು ಸ್ಮಿತ ಹಸಿತಗಳನ್ನು ದಾಟುವುದು ಅಪೂರ್ವ. ಅತಿಹಸಿತವನ್ನು ಎಬ್ಬಿಸಲು ಜಾರಿ ಬೀಳುವವನೊಬ್ಬನಿದ್ದರೆ ಸಾಕು. ಸ್ಮಿತವನ್ನು ಎಬ್ಬಿಸಲು ಹಸಿಯಾದ ಅಂಗಳ, ಕಂಬದ ಮರೆಯಲ್ಲಿ ನಿಂತ ಹುಡುಗ, ಅವನು ಹೇಳಬಾರದೆಂದಿದ್ದ ಸುಳ್ಳು, ಇವೆಲ್ಲವೂ ಹದವಾಗಿ ಕೂಡಿಬರಬೇಕು. ಆ ಹದವು ಮೊದಲಿನ ಕಂತುಗಳಲ್ಲಿ ಇದ್ದಿತೆಂಬುದು ನಿಜ. ಅದು ಒಮ್ಮೆ ಸಿದ್ಧಿಸಿತೆಂದ ಮಾತ್ರಕ್ಕೆ ಮತ್ತೊಮ್ಮೆ ಸಿದ್ಧಿಸಲೇಬೇಕೆಂಬ ನಿಯಮವೂ ಇಲ್ಲ.

ಮೊದಲಿನ ಕರ್ತೃವೇ ಬದುಕಿದ್ದು ಮುಂದುವರಿಸಿದರೆ ಈ ದೂರು ಏಳಲಾರದೆಂದು ಕೆಲವರು ಹೇಳುವುದುಂಟು. ಅದಕ್ಕೂ ದೃಷ್ಟಾಂತವಿದೆ. ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು' ಎಂಬ ಹಾಸ್ಯ ಧಾರಾವಾಹಿಯು ಈಟಿವಿ ಕನ್ನಡ ವಾಹಿನಿಯಲ್ಲಿ ಬಹುಕಾಲ ನಡೆದು ಮನೆಮಾತಾಗಿದ್ದಿತು. ಅದು 2018ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮರಳಿ ಬಂದಾಗ ಪಾಂಡುವೂ ಶ್ರೀಮತಿಯೂ ಮೊದಲಿನ ನಟರೇ, ಚಿದಾನಂದ ಮತ್ತು ಶಾಲಿನಿ ಅವರೇ ಆಗಿದ್ದರು. ಗಿರಣಿಯ ಯಜಮಾನರು ಅದನ್ನು ಕುರಿತೂ ಕೊಟ್ಟ ತೀರ್ಪು ಅದೇ: "ಮೊದಲಿನ ಹಾಗಿಲ್ಲ." ಕರ್ತೃವು ಅವನೇ, ನಟರು ಅವರೇ ಆದಮೇಲೆ ಬದಲಾದುದು ಯಾವುದು? ಇಲ್ಲಿ ಉಳಿಯುವವನು ನೋಡುವವನೊಬ್ಬನೇ.

ಈ ಪ್ರಶ್ನೆಗೆ ಸಾಸಲಿನ ಗೃಹಸ್ಥರೊಬ್ಬರ ಅನುಭವವು ಉತ್ತರಕೊಡುವಂತಿದೆ. ದೊಡ್ಡಬಳ್ಳಾಪುರದಲ್ಲಿ ಮಗ್ಗದ ಬಿಡಿಭಾಗಗಳನ್ನು ಮಾರುವ ಅಂಗಡಿಯಿಟ್ಟಿರುವ ಇವರು, ಹೊಸ ಕಂತುಗಳ ವಿಷಯದಲ್ಲಿ ಎಲ್ಲರಿಗಿಂತಲೂ ಕಠಿನರಾಗಿದ್ದರು. ದೃಶ್ಯಗಳನ್ನು ಅವರು ದೂರುತ್ತಿರಲಿಲ್ಲ. "ಮಾತು ಸಪ್ಪೆ. ಆಗಿನ ಮಾತುಗಳಲ್ಲಿ ಉಪ್ಪು ಇತ್ತು" ಎಂಬುದೇ ಅವರ ನಿತ್ಯದ ಆಕ್ಷೇಪಣೆ. 1986ರಲ್ಲಿ ಅವರಿಗೆ ಹತ್ತು ವರ್ಷ. ತಂದೆಯವರು ಅಂಚೆಯಲ್ಲಿ ನೌಕರರು. ಬೆಂಗಳೂರಿನ ದಿಕ್ಕಿಗೆ ತಿರುಗಿಸಿ ಗಳುವಿಗೆ ಕಟ್ಟಿದ ಆಂಟೆನಾ, ನೆರೆಹೊರೆಯವರೆಲ್ಲರೂ ಕುಳಿತ ನಡುಮನೆ, ಕಪ್ಪು ಬಿಳುಪಿನ ಪೆಟ್ಟಿಗೆ. ಧಾರಾವಾಹಿಯ ಮಾತುಗಳು ಹಿಂದಿಯಲ್ಲಿದ್ದವು. ಆ ನಡುಮನೆಯಲ್ಲಿ ಹಿಂದಿಯನ್ನು ಬಲ್ಲವರು ಪರೀಕ್ಷೆಗೆಂದು ಕಲಿತಿದ್ದ ತಂದೆಯವರೊಬ್ಬರೇ. ಪಾತ್ರಗಳು ಆಡಿದ್ದನ್ನು ಅವರು ಒಡನೊಡನೆಯೇ ಕನ್ನಡದಲ್ಲಿ ಹೇಳುತ್ತಿದ್ದರು. ಹೊಸ ಕಂತುಗಳು ಬರುವ ವೇಳೆಗೆ ಆ ತಂದೆಯವರು ತೀರಿಹೋಗಿದ್ದರು.

ಕೆಲವು ವರ್ಷಗಳ ಹಿಂದೆ ಈ ಗೃಹಸ್ಥರು ಹಳೆಯ ಕಂತುಗಳನ್ನು ಮೊಬೈಲಿನಲ್ಲಿ ಹುಡುಕಿ ಮಗಳಿಗೆ ತೋರಿಸಿದರು. ಹುಡುಗಿಯು ಶಾಲೆಯಲ್ಲಿ ಹಿಂದಿಯನ್ನು ಓದುತ್ತಿದ್ದಳು. ಸ್ವಾಮಿಯ ತಂದೆಯು ಮಾವಿನಹಣ್ಣಿನ ಲೆಕ್ಕವನ್ನು ಕೊಡುವುದೂ, ಹುಡುಗನು ಲೆಕ್ಕವನ್ನು ಬಿಟ್ಟು ಹಣ್ಣು ಕಳಿತಿದೆಯೇ ಎಂದು ಚಿಂತಿಸುವುದೂ ಬಂದಾಗ, "ಈಗ ನೋಡು, ಅಪ್ಪ ಏನಂತಾನೆ" ಎಂದು ಮಗಳನ್ನು ಎಚ್ಚರಿಸಿದರು. "ಹಣ್ಣೋ ಕಾಯೋ ಅಂತ ಕೇಳೋನಿಗೆ ಲೆಕ್ಕ ಬರದೇ ಇದ್ದರೂ ವ್ಯಾಪಾರ ಬರುತ್ತೆ, ಬಿಡು" ಎಂಬ ಮಾತಿಗಾಗಿ ಅವರು ಕಾದರು. ಮಾತು ಬರಲಿಲ್ಲ. ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನೋಡಿದರು. "ಹಾಗೆ ಅವರು ಅಂದೇ ಇಲ್ಲ, ಅಪ್ಪ" ಎಂದಳು ಮಗಳು.

ಆ ಮಾತು ಕಾರ್ನಾಡರದಲ್ಲ, ನಾರಾಯಣರದೂ ಅಲ್ಲ. ಲೆಕ್ಕದಲ್ಲಿ ತರಗತಿಗೇ ಹಿಂದಾಗಿ, ಪರೀಕ್ಷೆಯ ಕಾಗದವನ್ನು ಚೀಲದಲ್ಲಿ ಬಚ್ಚಿಟ್ಟುಕೊಂಡು ಕುಳಿತಿದ್ದ ತಮ್ಮ ಮಗನಿಗೆಂದು ಅಂಚೆಯ ನೌಕರರು ಸೇರಿಸಿದ ಮಾತು ಅದು. ನೇರವಾಗಿ ಸಮಾಧಾನ ಹೇಳುವುದು ಆ ಕಾಲದ ತಂದೆಯರಿಗೆ ಅಭ್ಯಾಸವಿರಲಿಲ್ಲ. ಮಾಲ್ಗುಡಿಯ ಬಾಯಿಂದ ಹೇಳಿಸಿದರು. ಮಗನು ಮುಂದೆ ವ್ಯಾಪಾರಿಯೇ ಆದನು; ಮಾತು ಎಲ್ಲಿಂದ ಬಂದಿತೆಂಬುದು ಮಾತ್ರ ಅವನಿಗೆ ಮೂವತ್ತು ವರ್ಷಗಳಿಗೂ ಮೀರಿ ತಿಳಿಯಲಿಲ್ಲ. ಹೊಸ ಕಂತುಗಳಲ್ಲಿ ಉಪ್ಪಿಲ್ಲವೆಂದು ಅವರು ದೂರಿದುದು ಸುಳ್ಳಲ್ಲ. ಉಪ್ಪು ಹಾಕುತ್ತಿದ್ದವರು ಮನೆಯಲ್ಲಿರಲಿಲ್ಲ. ದೂರು ಮಾತ್ರ ನಿರ್ದೇಶಕಿಯ ಪಾಲಿಗೆ ಹೋಯಿತು.

ರಸವು ಕಾವ್ಯದಲ್ಲಿದೆಯೋ ಸಹೃದಯನಲ್ಲಿದೆಯೋ ಎಂದು ಆಲಂಕಾರಿಕರು ದೀರ್ಘವಾಗಿ ಚರ್ಚಿಸಿದ್ದಾರೆ. ಸಹೃದಯನ ಪಕ್ಕದಲ್ಲಿ ಕುಳಿತವರನ್ನೂ ಆ ಚರ್ಚೆಯಲ್ಲಿ ಸೇರಿಸಿಕೊಳ್ಳುವುದು ಯುಕ್ತವೆಂದು ತೋರುತ್ತದೆ. ಉತ್ತರಭಾಗವನ್ನು ತೂಗುವಾಗ ಪೂರ್ವಭಾಗದ ತಟ್ಟೆಯಲ್ಲಿ ಕೃತಿಯೊಂದೇ ಇರುವುದಿಲ್ಲ. ಅದನ್ನು ನೋಡಿದ ಮನೆ, ಆಗಿನ ವಯಸ್ಸು, ಆಗ ಇದ್ದು ಈಗ ಇಲ್ಲದವರು, ಇವರೆಲ್ಲರೂ ಅದರಲ್ಲಿ ಏರಿ ಕುಳಿತಿರುತ್ತಾರೆ. ಅವರನ್ನು ಕೆಳಗಿಳಿಸಬೇಕೆಂದು ಯಾರೂ ಹೇಳಲಾರರು. ಆದರೆ ತಕ್ಕಡಿಯು ಒಂದು ಕಡೆಗೆ ವಾಲಿದಾಗ, ಆ ಭಾರವೆಲ್ಲವೂ ಕೃತಿಯದೇ ಎಂದು ಎದುರಿನವನಿಗೆ ದಂಡ ವಿಧಿಸುವುದು ನ್ಯಾಯವಲ್ಲ. ಹೊಸದರಲ್ಲಿ ದೋಷಗಳಿದ್ದರೆ ಅವನ್ನು ನೋಡಿಯೇ ಹೇಳತಕ್ಕದ್ದು.

ಅಂಗಡಿಯ ಗೃಹಸ್ಥರು ಅದರ ಮಾರನೆಯ ವಾರ 2006ರ ಕಂತುಗಳಲ್ಲೊಂದನ್ನು ಮಗಳೊಡನೆ ಕುಳಿತು ಮೊದಲಿನಿಂದ ಕೊನೆಯವರೆಗೆ ನೋಡಿದರು. ಅಜ್ಜಿಗೆ ಹಿಂದಿ ಬಾರದಾದ ಕಾರಣ ಮಾತುಗಳನ್ನು ಕನ್ನಡದಲ್ಲಿ ಹೇಳುವ ಕೆಲಸ ಮಗಳ ಪಾಲಿಗೆ ಬಂದಿತು. ಅವಳು ಅಲ್ಲಲ್ಲಿ ಒಂದೆರಡು ಮಾತುಗಳನ್ನು ತಾನಾಗಿಯೇ ಸೇರಿಸಿದಂತೆ ತೋರಿತಾದರೂ ತಂದೆಯವರು ತಿದ್ದಲಿಲ್ಲ.