ಮೊಮ್ಮಗಳ ಕಿವಿ ಕಡ ತಂದದ್ದು

ಸೊಪ್ಪು ತನ್ನಿ ಎಂದು ನಮ್ಮ ಮನೆಯವಳು ಹೇಳಿದ್ದಳಂತೆ. ನಾನು ಉಪ್ಪು ತಂದೆ. ಒಂದು ಸಲ ಅಲ್ಲ, ಒಂದೇ ತಿಂಗಳಲ್ಲಿ ಎರಡು ಸಲ. "ನೀನು ಅಡುಗೆಮನೆಯೊಳಗೆ ಗೊಣಗಿದರೆ ಬೀದಿಬಾಗಿಲಲ್ಲಿ ನಿಂತವನಿಗೆ ಏನು ಕೇಳೀತು?" ಎಂದು ಅವಳ ಮೇಲೇ ರೇಗಿದೆ. ಅವಳು ಪೊಟ್ಟಣವನ್ನು ಹಳೆಯ ಪೊಟ್ಟಣದ ಪಕ್ಕದಲ್ಲಿಟ್ಟು ಸುಮ್ಮನಾದಳು. ನಾನು ಹೇಳಹೊರಟಿರುವುದು ಸ್ಪೀಕರ್ ಕೊಂಡ ಕಥೆ. ಉಪ್ಪಿಗೂ ಅದಕ್ಕೂ ಏನು ಸಂಬಂಧ ಎನ್ನುವುದು ನನಗೂ ತಡವಾಗಿಯೇ ತಿಳಿಯಿತು.

ನಮ್ಮದು ಮೈಸೂರು. ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಶುರುಮಾಡಿ, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದ ಊರು. ಇಂಥ ಊರಿನಲ್ಲಿ ಹುಟ್ಟಿದವರಿಗೆ ಕೇಳುವ ಚಟ ಸ್ವಲ್ಪ ಜಾಸ್ತಿ. ನಾನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರಾಗಿದ್ದೆ. 1988ರಲ್ಲಿ ಕಂತಿನ ಮೇಲೆ ಒಂದು ಆಂಪ್ಲಿಫೈಯರು, ಒಂದು ರೆಕಾರ್ಡ್ ಪ್ಲೇಯರು, ಎರಡು ಸ್ಪೀಕರು ಕೊಂಡೆ. ಮನೆಯವಳಿಗೆ ಮದುವೆಗೆ ಮುಂಚೆ ಹತ್ತು ವರ್ಷ ವೀಣೆಯ ಪಾಠವಾಗಿತ್ತು. ಅವಳ ವೀಣೆ ಹಾಲ್‌ನ ಮೂಲೆಯಲ್ಲಿ ಗವಸು ಹಾಕಿಕೊಂಡು ಕೂತಿರುತ್ತದೆ. ಮಕ್ಕಳು, ಮನೆ, ಮೊಮ್ಮಕ್ಕಳು ಎಂದು ಅದರ ಗವಸು ತೆಗೆದೇ ಎಷ್ಟೋ ವರ್ಷವಾಗಿತ್ತು. ಅವಳಿಗೆಂದೇ ನಾನು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆಯ ರೆಕಾರ್ಡು ತಂದಿದ್ದೆ.

ಹೋದ ವರ್ಷ ಆ ಸ್ಪೀಕರುಗಳು ಬುಸುಬುಸು ಎನ್ನತೊಡಗಿದವು. ಮುಂದಿನ ಬಟ್ಟೆ ತೆಗೆದು ನೋಡಿದರೆ, ಒಳಗಿನ ಕಾಗದದ ಬಟ್ಟಲಿನ ಸುತ್ತ ಇದ್ದ ಫೋಮಿನ ಅಂಚು ಬೆರಳು ತಾಕಿದರೆ ಪುಡಿಯಾಗುತ್ತಿತ್ತು, ಹಳೆಯ ಬೂಂದಿಯ ಹಾಗೆ. ಹೊಸ ಜೋಡಿ ಕೊಳ್ಳುವುದೆಂದಾಯಿತು. ಆಂಪ್ಲಿಫೈಯರು ಮಾತ್ರ ಇನ್ನೂ ಗಟ್ಟಿಮುಟ್ಟಾಗಿತ್ತು.

"ನಾನೂ ಬರ್ತೀನಿ ತಾತ" ಎಂದಳು ಮೊಮ್ಮಗಳು ಪುಟ್ಟಿ. ಆರನೆಯ ಕ್ಲಾಸು. "ಇದು ಲೆಕ್ಕದ ವಿಷಯ ಕಣಮ್ಮ, ಆಟದ್ದಲ್ಲ" ಎಂದು ಬಿಟ್ಟು ಹೋದೆ. ವಿಜ್ಞಾನದ ಮೇಷ್ಟ್ರಿಗೆ ಇನ್ಯಾರು ಹೇಳಿಕೊಡಬೇಕು!

ಲೆಕ್ಕವನ್ನೇನೋ ಸರಿಯಾಗಿಯೇ ಮಾಡಿದೆ. ಮಕ್ಕಳೇ, ಇದು ನಿಮಗೂ ಬೇಕಾದೀತು, ಕೇಳಿ. ನಮ್ಮ ಆಂಪ್ಲಿಫೈಯರಿನ ಬೆನ್ನಿನ ಮೇಲೆ '30 ವ್ಯಾಟ್, 8 ಓಮ್' ಎಂದು ಬರೆದಿದೆ. ಅಂಗಡಿಯಲ್ಲಿ ಮೊದಲು ತೋರಿಸಿದ್ದು ನನ್ನ ಎದೆಯೆತ್ತರದ ಜೋಡಿ, 4 ಓಮಿನದು. ಓಮ್ ಕಡಿಮೆಯಾದಷ್ಟೂ ಸ್ಪೀಕರು ಹೆಚ್ಚು ಕರೆಂಟು ಎಳೆಯುತ್ತದೆ. ಎಂಟರ ಜಾಗದಲ್ಲಿ ನಾಲ್ಕು ಇಟ್ಟರೆ ಅದೇ ವೋಲ್ಟೇಜಿಗೆ ಎರಡರಷ್ಟು. ವಯಸ್ಸಾದ ಎತ್ತಿಗೆ ಎರಡು ಗಾಡಿಯ ಹೊರೆ ಹೇರಿದ ಹಾಗೆ, ಆಂಪ್ಲಿಫೈಯರು ಬಿಸಿಯೇರುತ್ತದೆ. ಅದು ಬೇಡವೆಂದೆ.

ಆಮೇಲೆ ಡೆಸಿಬಲ್ ನೋಡಿದೆ. ಒಂದು ವ್ಯಾಟ್ ಕೊಟ್ಟು ಒಂದು ಮೀಟರ್ ದೂರದಲ್ಲಿ ಅಳೆದರೆ ಸ್ಪೀಕರು ಎಷ್ಟು ಸದ್ದು ಮಾಡುತ್ತದೆ ಎನ್ನುವ ಅಂಕಿ ಅದು. ಒಂದರದ್ದು 84 ಇತ್ತು, ಇನ್ನೊಂದರದ್ದು 90. ಆರೇ ಅಲ್ಲವೆ ವ್ಯತ್ಯಾಸ ಎನ್ನಬೇಡಿ. ಪ್ರತಿ 3 ಡೆಸಿಬಲ್‌ಗೆ ವ್ಯಾಟ್ ಎರಡರಷ್ಟಾಗಬೇಕು, 6ಕ್ಕೆ ನಾಲ್ಕರಷ್ಟು. 90ರ ಸ್ಪೀಕರು 30 ವ್ಯಾಟಿನಲ್ಲಿ ಮಾಡುವ ಸದ್ದನ್ನು 84ರದ್ದು ಮಾಡಬೇಕಾದರೆ 120 ವ್ಯಾಟ್ ಬೇಕು. ನನ್ನ ಹತ್ತಿರ ಅಷ್ಟು ಎಲ್ಲಿಂದ ಬರಬೇಕು? ದೊಡ್ಡದು ಎಂದರೆ ಗಟ್ಟಿ ಎಂದು ತಿಳಿದು ಕೊಳ್ಳುವವರು ಮೋಸಹೋಗುವುದು ಇಲ್ಲೇ.

ನಮ್ಮ ಹಾಲೋ 12 ಅಡಿಗೆ 14 ಅಡಿ. ಅಷ್ಟು ಚಿಕ್ಕ ಕೋಣೆಯಲ್ಲಿ ದೊಡ್ಡ ಸ್ಪೀಕರನ್ನು ಗೋಡೆಗೆ ಒತ್ತಿಟ್ಟರೆ ಮೃದಂಗ ಹಂಡೆಯೊಳಗೆ ಬಾರಿಸಿದ ಹಾಗಾಗುತ್ತದೆ. ಹಾಗಾಗಿ ಶೆಲ್ಫಿನ ಮೇಲೆ ಕೂರುವ ಅಳತೆಯವು, ಆರೂವರೆ ಇಂಚಿನ ವೂಫರು, ಒಂದು ಇಂಚಿನ ಟ್ವೀಟರು, 8 ಓಮ್, ಇಷ್ಟು ಕೂಡಿದ ಎರಡು ಜೋಡಿ ಉಳಿದವು. ವೂಫರು ತಗ್ಗಿನ ಸ್ವರಕ್ಕೆ, ಟ್ವೀಟರು ಕೀರಲು ಸ್ವರಕ್ಕೆ. ಯಾರಿಗೆ ಯಾವುದು ಎಂದು ಹಂಚಿಕೊಡುವ ಪುಟ್ಟ ಸರ್ಕಿಟ್ಟು ಒಳಗಿರುತ್ತದೆ.

ಎರಡನ್ನೂ ಕೇಳಿದೆ. ಮೊದಲನೆಯದು ಕಂಬಳಿ ಹೊದ್ದು ಹಾಡಿದಂತಿತ್ತು. ಎರಡನೆಯದು, ಆಹಾ, ಬೆಳ್ಳಿಯ ಗೆಜ್ಜೆ! ಎಷ್ಟೋ ವರ್ಷಗಳಿಂದ ಇಂಥ ಸ್ವಚ್ಛವಾದ ನಾದ ಕೇಳಿರಲಿಲ್ಲ. ಅದನ್ನೇ ಆಟೋದಲ್ಲಿ ಹೇರಿಕೊಂಡು ಬಂದೆ.

ಸಂಜೆ ವೀಣೆಯ ರೆಕಾರ್ಡು ಹಾಕಿ ಕಣ್ಣು ಮುಚ್ಚಿ ಕೂತೆ. ತೆರೆದು ನೋಡಿದರೆ ಪುಟ್ಟಿ ಎರಡೂ ಕಿವಿ ಮುಚ್ಚಿಕೊಂಡಿದ್ದಾಳೆ. ಮನೆಯವಳು ಎದ್ದು ಒಳಗೆ ಹೋಗಿದ್ದಾಳೆ.

"ಯಾಕೆ, ಚೆನ್ನಾಗಿಲ್ಲವಾ?"

"ಸ್ಟೀಲ್ ತಟ್ಟೆ ಮೇಲೆ ಸ್ಪೂನ್ ಗೀಚಿದ ಹಾಗಿದೆ ತಾತ."

"ನಿಮ್ಮ ಮೊಬೈಲು ಕೇಳಿ ಕೇಳಿ ಕಿವಿ ಕೆಟ್ಟಿದೆ ನಿನಗೆ" ಎಂದೆ. ಆ ಮಾತನ್ನು ಈಗ ನೆನೆಸಿಕೊಂಡರೆ ನನಗೇ ನಾಚಿಕೆ.

ನಾಲ್ಕು ದಿನ ಹೀಗೇ ನಡೆಯಿತು. ನಾನು ರೆಕಾರ್ಡು ಹಾಕುವುದು, ಅವರಿಬ್ಬರೂ ಒಬ್ಬೊಬ್ಬರಾಗಿ ಏನೋ ಕೆಲಸ ನೆನಪಾಗಿ ಎದ್ದು ಹೋಗುವುದು. ಭಾನುವಾರ ಮಗ ಸಮಾಧಾನದ ದನಿಯಲ್ಲಿ, "ಅಪ್ಪ, ಒಂದು ಆಟ ಆಡೋಣ ಬನ್ನಿ" ಎಂದ. ಫೋನಿನಲ್ಲಿ ಒಂದು ಆಪ್ ಇದೆ, ಬೇಕಾದ ಹರ್ಟ್ಸಿನ ಸ್ವರವನ್ನು ಕೇಳಿಸುತ್ತದೆ. ಹೆಡ್‌ಫೋನ್ ಹಾಕಿಕೊಂಡು, ಕೇಳಿಸುವವರೆಗೆ ಬೆರಳೆತ್ತಿರಬೇಕು. ನಿಂತ ಕೂಡಲೇ ಇಳಿಸಬೇಕು.

ಪುಟ್ಟಿಯ ಬೆರಳು 17,000ದವರೆಗೂ ಮೇಲೇ ಇತ್ತು. ಮಗನದ್ದು 14,000ಕ್ಕೆ ಇಳಿಯಿತು. ಮನೆಯವಳದ್ದು 10,000. ಆಮೇಲೆ ನಾನು. ಸ್ವರ ಏರುತ್ತಾ ಏರುತ್ತಾ ಹೋಯಿತು, ತೆಳ್ಳಗಾಯಿತು, ನಿಂತಿತು. ಬೆರಳು ಇಳಿಸಿದೆ. "ಯಾಕೋ ನಿಲ್ಲಿಸಿಬಿಟ್ಟೆ?" ಎಂದು ಕೇಳಿದೆ.

ಯಾರೂ ಮಾತಾಡಲಿಲ್ಲ. ಪುಟ್ಟಿ ನನ್ನ ತಲೆಯಿಂದ ಹೆಡ್‌ಫೋನ್ ತೆಗೆದು ತನ್ನ ಕಿವಿಗೆ ಹಿಡಿದಳು. "ಇನ್ನೂ ಬರ್ತಾ ಇದೆ ತಾತ" ಎಂದಳು, ಮೆಲ್ಲಗೆ. ಫೋನಿನ ಮೇಲೆ 7,000 ಎಂದಿತ್ತು.

ಮನುಷ್ಯನ ಕಿವಿಗೆ 20ರಿಂದ 20,000 ಹರ್ಟ್ಸ್‌ವರೆಗೆ ಕೇಳಿಸುತ್ತದೆ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದವನು ನಾನು. ಎಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ಅದಕ್ಕೆ ಒಂದು ಅಂಕ ಕೊಟ್ಟಿದ್ದೇನೋ! ವಯಸ್ಸಾದಂತೆ ಮೇಲಿನ ತುದಿ ಸವೆಯುತ್ತದೆ ಎಂಬುದೂ ಗೊತ್ತಿತ್ತು. ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಸುರುಳಿ ಇದೆ; ಅದರೊಳಗೆ ಸೂಕ್ಷ್ಮವಾದ ರೋಮಕೋಶಗಳು. ಕೀರಲು ಸ್ವರ ಹಿಡಿಯುವವು ಬಾಗಿಲ ಬಳಿಯಲ್ಲೇ ಇರುತ್ತವೆ, ಮೊದಲು ಸವೆಯುವವೂ ಅವೇ. ಒಮ್ಮೆ ಹೋದವು ಮತ್ತೆ ಹುಟ್ಟುವುದಿಲ್ಲ. ಎಲ್ಲ ಗೊತ್ತಿತ್ತು. ಅದು ಬೇರೆಯವರ ಕಿವಿಯ ವಿಷಯ ಎಂದುಕೊಂಡಿದ್ದೆ, ಅಷ್ಟೆ.

"ಫೋನ್ ಸರಿಯಿಲ್ಲ" ಎಂದು ಎದ್ದು ಹಿತ್ತಲಿಗೆ ಹೋದೆ. ದಾಸವಾಳದ ಗಿಡಕ್ಕೆ ಬೇಡದಿದ್ದರೂ ನೀರು ಹಾಕಿದೆ. ಆಗಲೇ ಉಪ್ಪು ನೆನಪಾದದ್ದು. ನಮ್ಮ ಮಾತಿನಲ್ಲಿ ಸ, ಶ, ಫ ಇಂಥವುಗಳ ಸದ್ದೆಲ್ಲ ಮೇಲಿನ ಸ್ವರಗಳಲ್ಲೇ ಇರುವುದು. ಸೊಪ್ಪಿನಿಂದ 'ಸ' ಬಿದ್ದುಹೋದರೆ ಉಳಿಯುವುದೇನು? ಅವಳು ಗೊಣಗಿರಲೇ ಇಲ್ಲ.

ಬೆಳ್ಳಿಯ ಗೆಜ್ಜೆಯ ಗುಟ್ಟೂ ಅದೇ. ಆ ಸ್ಪೀಕರು ಮೇಲಿನ ಸ್ವರಗಳನ್ನು ಅಗತ್ಯಕ್ಕಿಂತ ಎತ್ತಿ ಕೊಡುತ್ತಿತ್ತು. ನನಗೆ ಕಳೆದುಹೋದದ್ದನ್ನು ವಾಪಸು ಕೊಟ್ಟಂತೆ ಅನ್ನಿಸಿತು. ಕಿವಿ ನೆಟ್ಟಗಿರುವವರಿಗೆ ತಟ್ಟೆ ಗೀಚಿದಂತಾಯಿತು. ಆಂಪ್ಲಿಫೈಯರಿಗೆ ಹೊಂದಿಸಿದ್ದೆ, ಕೋಣೆಗೆ ಹೊಂದಿಸಿದ್ದೆ, ಕೇಳುವವರಿಗೆ ಮಾತ್ರ ಹೊಂದಿಸಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, "ನಾಳೆ ಅಂಗಡಿಗೆ ಹೋಗೋಣ. ನೀವಿಬ್ಬರೂ ಬನ್ನಿ" ಎಂದೆ. ಪುಟ್ಟಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ನನ್ನ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದಳು. ನಮ್ಮ ಮನೆಯಲ್ಲಿ ರಾಜಿಯಾಗುವುದು ಹೀಗೆ.

ಈ ಸಲ ಆಂಪ್ಲಿಫೈಯರನ್ನೇ ಹಳೆಯ ದುಪ್ಪಟಿಯಲ್ಲಿ ಸುತ್ತಿ ಒಯ್ದೆವು. ರೆಕಾರ್ಡನ್ನೂ ಒಯ್ದೆವು. ಅಂಗಡಿಯವರು ಒಳ್ಳೆಯವರು; ಗೀರು ಬಿದ್ದಿಲ್ಲವೆಂದು ನೋಡಿ ಬದಲಾಯಿಸಿಕೊಡಲು ಒಪ್ಪಿದರು. ಪುಟ್ಟಿ ಒಂದು ಉಪಾಯ ಹೇಳಿದಳು. ಸ್ಪೀಕರುಗಳ ಮುಂದೆ ದುಪ್ಪಟಿ ಕಟ್ಟುವುದು, ಯಾವುದು ಹಾಡುತ್ತಿದೆ ಎಂದು ನಮಗೆ ತಿಳಿಯಬಾರದು. ನಾನು ಒಂದು ಮಾತು ಸೇರಿಸಿದೆ: ಎರಡನ್ನೂ ಒಂದೇ ಗಟ್ಟಿಯಲ್ಲಿ ಕೇಳಿಸಬೇಕು. ತುಸು ಗಟ್ಟಿಯಾಗಿ ಹಾಡಿದ್ದೇ ಚೆನ್ನ ಅನ್ನಿಸುವುದು ಎಲ್ಲರ ಕಿವಿಯ ದೌರ್ಬಲ್ಯ.

ಮೊದಲನೆಯ ಜೋಡಿ ಹಾಡಿತು. ಎರಡನೆಯದು ಹಾಡಿತು. ಮನೆಯವಳು ಸೆರಗಿನ ತುದಿ ಹಿಡಿದು, ತಲೆ ತಗ್ಗಿಸಿ ಕೇಳುತ್ತಿದ್ದಳು. ಅವಳ ಎಡಗೈ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಜಾರುತ್ತಿದ್ದವು.

"ಈಗ ಬಂದದ್ದು ತಂತಿ" ಎಂದಳು. "ಅದಕ್ಕೆ ಮುಂಚೆ ಬಂದದ್ದು ವೀಣೆ."

ಅಂಗಡಿಯ ಹುಡುಗನಿಗೆ ಅರ್ಥವಾಗಲಿಲ್ಲ. ಅವಳು ಬಿಡಿಸಿ ಹೇಳಿದಳು. ವೀಣೆಯಲ್ಲಿ ತಂತಿ ಮಾತ್ರ ಹಾಡುವುದಿಲ್ಲ. ಹಲಸಿನ ಮರದ ಕೊಡ ಹಾಡುತ್ತದೆ, ಮೇಣದ ಮೇಲೆ ಕೂತ ಇಪ್ಪತ್ತನಾಲ್ಕು ಮೆಟ್ಟಿಲೂ ಹಾಡುತ್ತವೆ. ತಂತಿಯ ಕಿಣಿಕಿಣಿ ಮುಂದೆ ಬಂದು ಮರ ಹಿಂದೆ ಸರಿದರೆ ಅದು ವೀಣೆಯಲ್ಲ. ಹೈ-ಫೈ ಎಂದರೆ ಮೂಲಕ್ಕೆ ನಿಷ್ಠವಾದದ್ದು ಎಂದೇ ಅರ್ಥ. ಮೂಲವನ್ನು ಮಡಿಲಲ್ಲಿಟ್ಟುಕೊಂಡು ಕಲಿತವಳು ಮನೆಯಲ್ಲೇ ಇದ್ದಳು. ನಾನು ಓಮ್ ಎಣಿಸಿಕೊಂಡು ಒಬ್ಬನೇ ಹೋಗಿದ್ದೆ.

"ಬೆರಳು ಜಾರೋದೂ ಕೇಳುತ್ತೆ, ಸರ್ ಸರ್ ಅಂತ" ಎಂದಳು ಪುಟ್ಟಿ. ನನಗೆ ಅದು ಕೇಳಿಸಲಿಲ್ಲ. ಕೇಳಿಸುತ್ತಿದೆ ಎಂದು ತಲೆಯಾಡಿಸಲು ಹೋದವನು ನಿಲ್ಲಿಸಿಕೊಂಡೆ. ದುಪ್ಪಟಿ ಸರಿಸಿದರೆ ಅವರು ಆರಿಸಿದ್ದು ನಾನು ಕಂಬಳಿ ಎಂದು ಬಿಟ್ಟುಬಂದ ಜೋಡಿಯನ್ನೇ.

ಮನೆಗೆ ತಂದು ಜೋಡಿಸಿದರೆ ಇನ್ನೊಂದು ಫಜೀತಿ. ವೀಣೆ ಎಲ್ಲೋ ಗೋಡೆಯಾಚೆ ನುಡಿದ ಹಾಗೆ, ಮಂದ್ರವೇ ಇಲ್ಲ. ಒಂದು ಸ್ಪೀಕರಿನ ಕೆಂಪು, ಕಪ್ಪು ತಂತಿ ಅದಲುಬದಲಾಗಿತ್ತು. ಒಂದರ ಬಟ್ಟಲು ಮುಂದೆ ಬರುವಾಗ ಇನ್ನೊಂದರದ್ದು ಹಿಂದೆ ಹೋಗುತ್ತಿತ್ತು, ಒಂದರ ಗಾಳಿಯನ್ನು ಇನ್ನೊಂದು ನುಂಗುತ್ತಿತ್ತು. ಪುಟ್ಟಿಗೆ ಟಾರ್ಚಿನ ಒಂದೂವರೆ ವೋಲ್ಟ್ ಸೆಲ್ ಕೊಟ್ಟೆ. ತಂತಿಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ ಸೆಲ್ಲಿಗೆ ಒಂದು ಕ್ಷಣ ಮುಟ್ಟಿಸಿದಳು. ಒಂದು ವೂಫರು ಟಕ್ ಎಂದು ಮುಂದೆ ಹಾರಿತು, ಇನ್ನೊಂದು ಹಿಂದೆ. "ಇವನೇ ಕಳ್ಳ!" ಎಂದು ಹಿಡಿದುಕೊಟ್ಟಳು. ಗೋಡೆಯಿಂದ ಒಂದೂವರೆ ಅಡಿ ಮುಂದೆ ಇಟ್ಟೆವು, ಟ್ವೀಟರು ಕೂತವರ ಕಿವಿಯ ಎತ್ತರಕ್ಕೆ. ಬೋಳು ಗಾರೆನೆಲ ಸದ್ದನ್ನು ಚೆಂಡಿನಂತೆ ಎಸೆಯುತ್ತಿತ್ತು. ಅಟ್ಟದ ಮೇಲಿದ್ದ ಜಮಖಾನ ಹಾಸಿದ ಮೇಲೆ ಸುಮ್ಮನಾಯಿತು.

ಸಂಜೆ ವೀಣೆ ಎರಡು ಸ್ಪೀಕರುಗಳ ನಡುವೆ, ಖಾಲಿ ಗಾಳಿಯಲ್ಲಿ ಬಂದು ಕೂತಿತು. ಒಂದು ಬದಿ ಮುಗಿಯಿತು. ಮನೆಯವಳು ಎದ್ದು ಹೋಗಲಿಲ್ಲ. ಮೂಲೆಗೆ ಹೋಗಿ ಗವಸು ಬಿಚ್ಚಿದಳು. "ಹೋಲಿಸಿ ನೋಡೋಣ ಅಂತ" ಎಂದಳು, ಯಾರೂ ಕೇಳದಿದ್ದರೂ. ಬಿರಡೆ ತಿರುವುತ್ತಿದ್ದಂತೆ ತುಕ್ಕು ಹಿಡಿದ ಒಂದು ತಂತಿ ಟಣ್ ಎಂದು ಹರಿಯಿತು. ಉಳಿದವನ್ನು ಶ್ರುತಿ ಮಾಡಿ ಒಂದು ಸ್ವರ ಮೀಟಿದಳು. ಅದು ನನಗೆ ಪೂರ್ತಿ ಕೇಳಿಸಿತು. ಎದೆಯ ಹತ್ತಿರದಿಂದ ಬರುವ ನಾದ ಅದು, ಕೆಳಗಿನದು. ಅದಿನ್ನೂ ನನ್ನ ಪಾಲಿಗಿದೆ.

ಮಾರನೆಯ ವಾರ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಹೋದೆ. ಎಷ್ಟೋ ವರ್ಷ ಅದರ ಮುಂದೆಯೇ ಓಡಾಡಿದ್ದೇನೆ, ಒಳಗೆ ಕಾಲಿಟ್ಟಿರಲಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ, ಕೇಳಿಸಿದಾಗಲೆಲ್ಲ ಗುಂಡಿ ಒತ್ತಲು ಹೇಳಿದರು. ಆಮೇಲೆ ತೋರಿಸಿದ ನಕ್ಷೆಯ ಗೆರೆ ಬಲಕ್ಕೆ ಹೋದಂತೆ ಚಾಮುಂಡಿಬೆಟ್ಟದ ಮೆಟ್ಟಿಲಿನ ಹಾಗೆ ಇಳಿದಿತ್ತು. ಎರಡೂ ಕಿವಿಗೆ ಯಂತ್ರ ಬೇಕಂತೆ. ಮುಂದಿನ ತಿಂಗಳು ಬರುತ್ತೇನೆ ಎಂದು ಹೇಳಿ ಬಂದಿದ್ದೇನೆ. "ದಿನಾಂಕ ಬರೆದುಕೊಡಿ ತಾತ" ಎಂದು ಪುಟ್ಟಿ ಕ್ಯಾಲೆಂಡರ್ ಹಿಡಿದು ನಿಂತಿದ್ದಾಳೆ.

ಇವತ್ತು ಮಾರ್ಕೆಟ್ಟಿಗೆ ಹೊರಟಾಗ ಮನೆಯವಳು ಚೀಟಿ ಕೊಟ್ಟಳು. ವೀಣೆಯ ತಂತಿ ಒಂದು ಸೆಟ್, ದಂಟಿನ ಸೊಪ್ಪು ಎರಡು ಕಟ್ಟು ಎಂದಿತ್ತು. ಕೆಳಗೆ ಪುಟ್ಟಿಯ ದುಂಡು ಅಕ್ಷರ: ಉಪ್ಪು ಬೇಡ, ನಾಲ್ಕು ಪ್ಯಾಕೆಟ್ ಇದೆ.