ಮನೆ ಖಾಲಿ ಮಾಡಿದರೆ ಹೊಣೆಯೂ ಖಾಲಿಯಾಗುವುದೇ?

ಸಾಲವೆಂದರೆ ಕೈಯೊಡ್ಡಿ ಪಡೆದ ಹಣ ಎಂದಷ್ಟೇ ನಾವು ಭಾವಿಸುತ್ತೇವೆ. ಆದರೆ ಒಂದು ರೂಪಾಯಿಯನ್ನೂ ಪಡೆಯದೆ, ಕೇವಲ ಒಂದು ಸಹಿಯಿಂದ ನಮ್ಮ ಮೇಲೆ ಬರುವ ಸಾಲವೂ ಇದೆ. ಉದ್ಯೋಗಕ್ಕಾಗಿ ಬೆಂಗಳೂರಿಗೆ ಹೋಗಿ, ಗೆಳೆಯರೊಡನೆ ಸೇರಿ ಬಾಡಿಗೆ ಮನೆ ಹಿಡಿಯುವ ನಮ್ಮ ಯುವಕರು ಇದನ್ನು ಅರಿತಿರುವುದು ಅಗತ್ಯ.

ಈಚೆಗೆ ಯುವಕರೊಬ್ಬರು ನಮ್ಮ ಮುಂದೆ ಇಂತಹದೇ ಒಂದು ಪ್ರಶ್ನೆಯನ್ನಿಟ್ಟರು. ಅವರೂ ಅವರ ಗೆಳೆಯನೂ ತಿಂಗಳಿಗೆ 16,000 ರೂಪಾಯಿ ಬಾಡಿಗೆಯ ಮನೆಯೊಂದರ 11 ತಿಂಗಳ ಕರಾರಿಗೆ ಜೊತೆಯಾಗಿ ಸಹಿ ಹಾಕಿದ್ದರು. ಐದು ತಿಂಗಳ ಬಳಿಕ ಇವರು ತಮ್ಮ ಪಾಲನ್ನೆಲ್ಲ ಪಾವತಿಸಿ, ಮಾಲಕರಿಗೆ ಬಾಯಿಮಾತಿನಲ್ಲಿ ತಿಳಿಸಿ ಊರಿಗೆ ಮರಳಿದರು. ಗೆಳೆಯನು ಅಲ್ಲಿಯೇ ಉಳಿದನು. ಆದರೆ ಕೊನೆಯ ಐದು ತಿಂಗಳ ಬಾಡಿಗೆ ಕೊಡಲಿಲ್ಲ. 50,000 ರೂಪಾಯಿಯ ಅಡ್ವಾನ್ಸ್ ಮುರಿದುಕೊಂಡ ಮೇಲೂ 30,000 ಬಾಕಿ ಉಳಿಯಿತು. ಗೆಳೆಯ ಫೋನ್ ಎತ್ತುತ್ತಿಲ್ಲ. ಮಾಲಕರು ಇವರನ್ನು ಕೇಳುತ್ತಿದ್ದಾರೆ. "ನಾನು ವಾಸಿಸದ ಮನೆಗೆ ನಾನೇಕೆ ಬಾಡಿಗೆ ತೆರಬೇಕು? ಒಬ್ಬರ ಭಾರವನ್ನು ಇನ್ನೊಬ್ಬರು ಹೊರಬೇಕಿಲ್ಲವೆಂದು ನಮ್ಮ ಧರ್ಮವೇ ಕಲಿಸುತ್ತದಲ್ಲವೇ?" ಎಂಬುದು ಅವರ ಪ್ರಶ್ನೆ.

ಪವಿತ್ರ ಕುರ್‌ಆನ್ ಆ ತತ್ವವನ್ನು ಸಾರುವುದು ನಿಜ. ಆದರೆ ಅದು ಪಾಪದ ಭಾರದ ಕುರಿತಾದುದು. ಇಲ್ಲಿ ಆ ಯುವಕರು ಹೊರುತ್ತಿರುವುದು ಗೆಳೆಯನ ಪಾಪವನ್ನಲ್ಲ, ತಮ್ಮದೇ ಮಾತನ್ನು. ಅಲ್ ಮಾಇದ ಅಧ್ಯಾಯವು ಆರಂಭವಾಗುವುದೇ ಕರಾರುಗಳನ್ನು ಪಾಲಿಸಬೇಕೆಂದು ಸತ್ಯವಿಶ್ವಾಸಿಗಳಿಗೆ ನೀಡಿದ ಆದೇಶದಿಂದ. ಇಬ್ಬರೂ ಪೂರ್ಣ ಬಾಡಿಗೆಗೆ ಹೊಣೆಯೆಂದು ಒಪ್ಪಿ ಸಹಿ ಹಾಕಿದಾಗ, ಪ್ರತಿಯೊಬ್ಬನೂ ಇನ್ನೊಬ್ಬನಿಗೆ ಜಾಮೀನು ನಿಂತಂತಾಯಿತು. ಕರ್ಮಶಾಸ್ತ್ರದಲ್ಲಿ ಇದಕ್ಕೆ ಕಫಾಲ ಎನ್ನುತ್ತಾರೆ.

ನಮ್ಮ ದೇಶದ ಕಾನೂನೂ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ, ಹಲವರು ಸೇರಿ ಒಂದು ವಾಗ್ದಾನ ಮಾಡಿದರೆ, ಪತ್ರದಲ್ಲಿ ಬೇರೆ ರೀತಿ ಬರೆದಿರದ ಪಕ್ಷದಲ್ಲಿ, ಅವರಲ್ಲಿ ಯಾರೊಬ್ಬರಿಂದಲೂ ಪೂರ್ತಿ ಹಣವನ್ನು ಕೇಳಬಹುದು. ಹಾಗೆ ತೆತ್ತವನಿಗೆ ಉಳಿದವರಿಂದ ಅವರ ಪಾಲನ್ನು ವಸೂಲು ಮಾಡುವ ಹಕ್ಕೂ ಇದೆ.

ಜಾಮೀನಿನ ಗಾಂಭೀರ್ಯವನ್ನು ತಿಳಿಯಲು ಸಹೀಹುಲ್ ಬುಖಾರಿಯಲ್ಲಿ ಬಂದ ಒಂದು ಘಟನೆ ಸಾಕು. ಸಾಲವುಳಿಸಿ ಮೃತರಾದ ಒಬ್ಬರ ಜನಾಝ ನಮಾಝ್‌ಗೆ ನೇತೃತ್ವ ನೀಡಲು ಪ್ರವಾದಿ(ಸ) ಮುಂದಾಗಲಿಲ್ಲ. ಆ ಸಾಲ ತನ್ನ ಮೇಲಿರಲಿ ಎಂದು ಅಬೂ ಕತಾದ(ರ) ಹೊಣೆ ಹೊತ್ತ ಬಳಿಕವೇ ನಮಾಝ್ ನಡೆಯಿತು. ಅಬೂ ಕತಾದ(ರ) ಆ ಹಣವನ್ನು ಖರ್ಚು ಮಾಡಿದವರಲ್ಲ. ಆದರೂ ಮಾತು ಕೊಟ್ಟ ಕ್ಷಣದಿಂದ ಅದು ಅವರ ಹೊಣೆಯಾಯಿತು.

ಆದ್ದರಿಂದ ನಾವು ಆ ಯುವಕರಿಗೆ ಹೇಳಿದ್ದಿಷ್ಟು: ಮಾಲಕರ ಹಕ್ಕು ಮೊದಲು ಸಲ್ಲಲಿ. ಒಮ್ಮೆಗೆ ಸಾಧ್ಯವಾಗದಿದ್ದರೆ ಕಂತು ಕೇಳಿ, ಆದರೆ ತಲೆಮರೆಸಿಕೊಳ್ಳಬೇಡಿ. ಪಾವತಿಗೆ ರಸೀದಿ ಪಡೆಯಿರಿ. ಬಳಿಕ ಗೆಳೆಯನನ್ನು ಕೇಳುವ ಪೂರ್ಣ ಹಕ್ಕು ನಿಮಗಿದೆ. ಅವನು ಕೆಲಸ ಕಳೆದುಕೊಂಡು ಸಂಕಷ್ಟದಲ್ಲಿದ್ದರೆ, ಅಲ್ ಬಕರ ಅಧ್ಯಾಯದ 280ನೇ ಸೂಕ್ತ ಬೋಧಿಸುವಂತೆ ಕಾಲಾವಕಾಶ ಕೊಡಿ. ಅನುಕೂಲವಿದ್ದೂ ಮುಂದೂಡುತ್ತಿದ್ದರೆ, ಅದು ಪ್ರವಾದಿ(ಸ) ಅಕ್ರಮವೆಂದು ಕರೆದ ನಡತೆ ಎಂಬುದನ್ನು ಅವನಿಗೆ ನೆನಪಿಸಿ.

ಮುಸ್ಲಿಮರಿಗೆ ನಗರದಲ್ಲಿ ಬಾಡಿಗೆ ಮನೆ ಸಿಗುವುದೇ ಕಷ್ಟವೆಂಬ ಅಳಲು ನಮ್ಮಲ್ಲಿ ಅನೇಕರದು. ಹೆಸರು ಕೇಳಿ ಬಾಗಿಲು ಮುಚ್ಚುವುದು ಅನ್ಯಾಯವೇ ಸರಿ. ಆದರೆ ಬಾಡಿಗೆ ಉಳಿಸಿ ಹೊರಟವನು ಮುಂದೆ ಬರುವ ನಮ್ಮದೇ ಹುಡುಗನ ಬಾಗಿಲನ್ನು ತಾನೂ ಮುಚ್ಚಿರುತ್ತಾನೆ.

ಇನ್ನು ಮನೆ ಹಿಡಿಯಲಿರುವವರಿಗೆ ಒಂದು ಮಾತು. ಸಾಲದ ವ್ಯವಹಾರವನ್ನು ಬರೆದಿಡಲು ಕಲಿಸುವ ಅಲ್ ಬಕರದ 282ನೇ ಸೂಕ್ತವು ಕುರ್‌ಆನ್‌ನ ಅತಿ ದೀರ್ಘ ಸೂಕ್ತವಾಗಿದೆ. ಗೆಳೆತನದ ನಡುವೆ ಬರಹವೇಕೆಂದು ನಾವು ಸಂಕೋಚಪಡುತ್ತೇವೆ. ವಾಸ್ತವದಲ್ಲಿ ಗೆಳೆತನವನ್ನು ಕಾಯುವುದೇ ಬರಹ. ಸಹಿಗೆ ಮುನ್ನ ಹೊಣೆ ಯಾರದೆಷ್ಟು ಎಂಬುದನ್ನು ಓದಿ ತಿಳಿಯಿರಿ. ಅವಧಿಗೆ ಮುನ್ನ ಹೊರಡುವುದಾದರೆ, ಇಂತಹ ದಿನಾಂಕದಿಂದ ನಿಮ್ಮ ಹೊಣೆ ಮುಗಿಯಿತೆಂದು ಮಾಲಕರ ಸಹಿಯುಳ್ಳ ಪತ್ರ ಪಡೆಯಿರಿ. ಸಾಧ್ಯವಾದರೆ ಉಳಿದವರ ಹೆಸರಿನಲ್ಲಿ ಹೊಸ ಕರಾರು ಮಾಡಿಸಿರಿ. ಅಡ್ವಾನ್ಸಿನಲ್ಲಿ ನಿಮ್ಮ ಪಾಲೇನೆಂದೂ ಬರೆಯಿಸಿರಿ. ಮಾಲಕರೂ ಅಷ್ಟೇ, ಬಾಕಿ ಬೆಳೆಯುವವರೆಗೆ ಸುಮ್ಮನಿರದೆ ಮೊದಲ ತಿಂಗಳಲ್ಲಿಯೇ ಸಹಿ ಹಾಕಿದ ಎಲ್ಲರಿಗೂ ತಿಳಿಸುವುದು ನ್ಯಾಯ.

ಕೊಟ್ಟ ಮಾತನ್ನು ಕೊನೆಯವರೆಗೂ ಉಳಿಸಿಕೊಳ್ಳುವ, ಯಾರ ಹಕ್ಕನ್ನೂ ಬಾಕಿಯಿಡದೆ ಈ ಲೋಕದಿಂದ ತೆರಳುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.